ಹಳೇ ಟೋಪೋ ಶೀಟಲ್ಲಿ ನದಿ ಕಣಿವೆ ಓದೋದು ಹೇಗೆ: ಮೊದಲು ಅಂಚು, ಆಮೇಲೆ ನಡು

ಹಳೇ ಟೋಪೋ ನಕ್ಷೆಗಳ, ಅಂದ್ರೆ ನೆಲದ ಏರಿಳಿತವನ್ನೂ ಗೆರೆಗಳಲ್ಲಿ ತೋರಿಸೋ ನಕ್ಷೆಗಳ ಬಗ್ಗೆ ಬರೆದಾಗೆಲ್ಲ ಬರೋ ಪ್ರಶ್ನೆ ಒಂದೇ. "1950ರ ಆಸುಪಾಸಿನ ಟೋಪೋ ಮ್ಯಾಪ್ ಸಿಕ್ಕಿತು, ಈಗಿನ ಸ್ಯಾಟಲೈಟ್ ಚಿತ್ರದ ಮೇಲೆ ಇಟ್ಟೆ, ನದಿ ಒಂದು ಕಡೆ ಹೋಗ್ತಿದೆ ರಸ್ತೆ ಇನ್ನೊಂದು ಕಡೆ ಹೋಗ್ತಿದೆ, ಮ್ಯಾಪೇ ತಪ್ಪಾ?" ಬಹಳ ಸಲ ಮ್ಯಾಪ್ ಸರಿಯಾಗೇ ಇರುತ್ತೆ, ನಾವು ಅಂಚಲ್ಲಿ ಬರೆದಿರೋ ನಾಲ್ಕು ಸಾಲು ಓದದೆ ಸೀದಾ ನಡುವಿಗೆ ನುಗ್ಗಿರ್ತೀವಿ. ಹಾಗಾಗಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡೋ ಬದಲು ಪೂರ್ತಿ ಕ್ರಮವನ್ನ ಒಂದೇ ಕಡೆ ಬರೆದಿಡ್ತಿದೀನಿ.

ಉದಾಹರಣೆಗೆ ಅಮೆರಿಕದ ಟೆನೆಸಿ ನದಿ ಕಣಿವೆ ತಗೋತೀನಿ. ಕಾರಣ ಇದೆ. 1933ರಲ್ಲಿ ಟೆನೆಸಿ ವ್ಯಾಲಿ ಅಥಾರಿಟಿ, ಅಂದ್ರೆ ಟಿವಿಎ, ಶುರುವಾದ ಮೇಲೆ ಆ ಕಣಿವೆಯಲ್ಲಿ ಸಾಲು ಸಾಲಾಗಿ ಅಣೆಕಟ್ಟು ಎದ್ದವು, ಅದರ ಜೊತೆಜೊತೆಗೇ ಟಿವಿಎ ಮತ್ತು ಅಮೆರಿಕದ ಭೂವಿಜ್ಞಾನ ಸರ್ವೇ ಸಂಸ್ಥೆ ಯುಎಸ್‌ಜಿಎಸ್ ಸೇರಿ ಇಡೀ ಕಣಿವೆಯನ್ನ ವಿಮಾನದ ಫೋಟೋಗಳಿಂದ ನಕ್ಷೆ ಮಾಡಿದವು, ಮತ್ತೆ ಆ ಶೀಟುಗಳೆಲ್ಲ ಈಗ ಫ್ರೀಯಾಗಿ ಡೌನ್‌ಲೋಡ್‌ಗೆ ಸಿಗ್ತವೆ. ನೀವು ನೋಡ್ತಿರೋದು ಬೇರೆ ದೇಶದ ಬೇರೆ ನದಿ ಆಗಿದ್ರೂ ಕ್ರಮ ಇದೇ, ಅಳತೆ ಮತ್ತು ಗುರುತುಗಳು ಮಾತ್ರ ಆ ಶೀಟಿನ ಅಂಚಿಗೆ ತಕ್ಕಂತೆ ಬದಲಾಗ್ತವೆ.

ಏನೇನು ಬೇಕು

ಒಂದು ಕಂಪ್ಯೂಟರ್, ಕ್ಯೂಜಿಐಎಸ್ ಅನ್ನೋ ಉಚಿತ ನಕ್ಷೆ ಸಾಫ್ಟ್‌ವೇರ್, ಒಳ್ಳೆ ರೆಸಲ್ಯೂಷನ್ ಇರೋ ಸ್ಕ್ಯಾನ್, ಒಂದು ನೋಟ್‌ಬುಕ್. ಪೇಪರ್ ಶೀಟೇ ಕೈಯಲ್ಲಿದ್ರೆ ಸ್ಕೇಲು, ಒಂದು ತುಂಡು ದಾರ, ಭೂತಗನ್ನಡಿ ಇಟ್ಕೊಳ್ಳಿ. ದಾರ ಯಾಕೆ ಅಂತ ಮುಂದೆ ಗೊತ್ತಾಗತ್ತೆ.

1. ಸರಿಯಾದ ಆವೃತ್ತಿ ಹುಡುಕಿ

ಯುಎಸ್‌ಜಿಎಸ್‌ನ ಟೋಪೋವ್ಯೂ ತಾಣದಲ್ಲಿ ಜಾಗ ಒತ್ತಿದ್ರೆ ಆ ಜಾಗದ ಹಳೇ ಶೀಟುಗಳ ಪಟ್ಟಿ ಬರುತ್ತೆ, 1884ರಿಂದ ಈಚಿನವು. ಒಂದೇ ಹೆಸರಿನ ಶೀಟಿಗೆ ನಾಲ್ಕೈದು ಆವೃತ್ತಿ ಇರೋದು ಮಾಮೂಲಿ, ಮೊದಲನೇದನ್ನ ಡೌನ್‌ಲೋಡ್ ಮಾಡಿ ಕೂತ್ಕೋಬೇಡಿ, ಎಲ್ಲಾನೂ ಇಳಿಸ್ಕೊಳ್ಳಿ. ನಿಜವಾದ ಕಥೆ ಇರೋದೇ ಎರಡು ಆವೃತ್ತಿಗಳ ನಡುವೆ.

ಇಲ್ಲಿ ಎರಡು ಕಡೆ ಜನ ಎಡವ್ತಾರೆ. ಒಂದು, ಟೆನೆಸಿ ಕಣಿವೆಯ 1930ರ ದಶಕದ ಕೆಲವು ಶೀಟುಗಳಲ್ಲಿ ಎತ್ತರದ ಗೆರೆಗಳೇ ಇಲ್ಲ, ರಸ್ತೆ, ನದಿ, ಮನೆ ಮಾತ್ರ ಇರ್ತವೆ. ಅವನ್ನ ಪ್ಲಾನಿಮೆಟ್ರಿಕ್ ಶೀಟ್ ಅಂತಾರೆ, ಅಂದ್ರೆ ನೆಲದ ಏರಿಳಿತ ಬಿಟ್ಟು ಬರೀ ಜಾಗಗಳನ್ನ ತೋರಿಸೋ ನಕ್ಷೆ. ಸ್ಕ್ಯಾನ್ ಹಾಳಾಗಿದೆ ಅಂತ ಅದನ್ನ ಬಿಸಾಕಬೇಡಿ, ಅದು ಬೇರೆ ಉದ್ದೇಶಕ್ಕೆ ಮಾಡಿದ ಬೇರೆ ಶೀಟು. ಎರಡು, ಪಟ್ಟಿಯಲ್ಲಿ ಕಾಣೋ ವರ್ಷವನ್ನೇ ನಂಬೋದು. ಇದು ದೊಡ್ಡ ವಿಷಯ, ಹಾಗಾಗಿ ಇದಕ್ಕೇ ಒಂದು ಹಂತ ಇಟ್ಟಿದೀನಿ.

ಫೈಲ್ ಆರಿಸೋವಾಗ ಜಿಯೋಟಿಫ್ ತಗೊಳ್ಳಿ. ಜಾಗದ ಅಕ್ಷಾಂಶ ರೇಖಾಂಶ ಒಳಗೇ ಸೇರಿರೋ ಚಿತ್ರದ ಫೈಲ್ ಅದು, ಕ್ಯೂಜಿಐಎಸ್‌ಗೆ ಹಾಕಿದ ಕೂಡಲೇ ತನ್ನ ಜಾಗದಲ್ಲಿ ಹೋಗಿ ಕೂರುತ್ತೆ. ಬರೀ ಜೆಪೆಗ್ ತಗೊಂಡ್ರೆ ಆ ಕೆಲಸ ನೀವೇ ಮಾಡ್ಬೇಕಾಗತ್ತೆ.

2. ಅಂಚು ಓದಿ, ಪೂರ್ತಿ ಓದಿ

ಇದು ಅತಿ ಮುಖ್ಯ ಹಂತ, ದಯವಿಟ್ಟು ಬಿಟ್ಟು ಮುಂದೆ ಹೋಗ್ಬೇಡಿ. ನಕ್ಷೆಯ ಚೌಕಟ್ಟಿನ ಹೊರಗೆ, ಹೆಚ್ಚಾಗಿ ಕೆಳಗಡೆ ಎಡ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ನಾಲ್ಕೈದು ಸಾಲು ಇರುತ್ತೆ. ನೋಟ್‌ಬುಕ್ ತೆಗೆದು ಈ ಕೆಳಗಿನವನ್ನ ಅಲ್ಲಿಂದ ಬರ್ಕೊಳ್ಳಿ.

ತಾರೀಖುಗಳು. ಬಹುವಚನ ಬೇಕಂತಲೇ ಹಾಕಿದೀನಿ. ವಿಮಾನದ ಫೋಟೋ ತೆಗೆದ ವರ್ಷ ಒಂದು, ಜನ ನೆಲದ ಮೇಲೆ ಓಡಾಡಿ ಪರಿಶೀಲಿಸಿದ ವರ್ಷ ಇನ್ನೊಂದು, ಅಚ್ಚಾದ ವರ್ಷ ಮತ್ತೊಂದು. ಫೋಟೋ 1946ರದ್ದು, ಫೀಲ್ಡ್ ಚೆಕ್ 1949ರದ್ದು, ಮುದ್ರಣ 1950ರದ್ದು, ಹೀಗಿರೋ ಶೀಟನ್ನ "1950ರ ನಕ್ಷೆ" ಅಂತ ಕರೆದ್ರೆ ಅರ್ಧ ಸತ್ಯ ಅಷ್ಟೇ, ಯಾಕಂದ್ರೆ ಅದರಲ್ಲಿರೋ ನದಿ ದಡ 1946ರದ್ದು, ಊರ ಹೆಸರು, ಶಾಲೆ, ಚರ್ಚು 1949ರಲ್ಲಿ ಯಾರೋ ನಡೆದು ಹೋಗಿ ಕೇಳಿ ಬರ್ಕೊಂಡಿದ್ದು. 1948ರಲ್ಲಿ ಅಣೆಕಟ್ಟು ಮುಗಿದಿದ್ರೆ ಈ ಶೀಟಲ್ಲಿ ಅದು ಇರುತ್ತಾ ಇಲ್ವಾ ಅನ್ನೋದು ಪರಿಶೀಲನೆ ಮಾಡಿದವರು ಎಷ್ಟು ತಿದ್ದಿದ್ರು ಅನ್ನೋದರ ಮೇಲೆ ಹೋಗುತ್ತೆ. ನದಿ ಕಣಿವೆಯಲ್ಲಿ ಎರಡು ಮೂರು ವರ್ಷದ ವ್ಯತ್ಯಾಸ ಅಂದ್ರೆ ಒಂದು ಇಡೀ ಊರು ಇರೋದು, ಇಲ್ದೇ ಇರೋದು.

ನೇರಳೆ ಬಣ್ಣ ಇದೆಯಾ ನೋಡಿ. ಯುಎಸ್‌ಜಿಎಸ್ ಶೀಟುಗಳ ಆಮೇಲಿನ ಮುದ್ರಣಗಳಲ್ಲಿ ಹೊಸ ಕೆರೆ, ಹೊಸ ಹೆದ್ದಾರಿ, ಹೊಸ ಬಡಾವಣೆ ನೇರಳೆಯಲ್ಲಿ ಇದ್ರೆ ಅದು ಹೊಸ ಫೋಟೋ ನೋಡಿ ಸೇರಿಸಿದ್ದು, ನೆಲದ ಮೇಲೆ ಹೋಗಿ ಪರಿಶೀಲಿಸಿಲ್ಲ ಅಂತ ಅರ್ಥ. ಒಂದೇ ಶೀಟಲ್ಲಿ ಎರಡು ಕಾಲ ಇದೆ ಅಂತ ತಿಳ್ಕೊಳ್ಳಿ. ಕಪ್ಪಲ್ಲಿರೋ ಮನೆಯೂ ನೇರಳೆ ಕೆರೆಯೂ ಒಂದೇ ದಿನ ಅಲ್ಲಿದ್ವು ಅಂತ ಓದೋದು ತಪ್ಪು.

ಡೇಟಮ್. ಭೂಮಿ ಪೂರ್ತಿ ಗುಂಡಗಿಲ್ಲ, ಹಾಗಾಗಿ ಅಕ್ಷಾಂಶ ರೇಖಾಂಶ ಲೆಕ್ಕ ಹಾಕೋಕೆ ಒಂದು ಗಣಿತದ ಆಕಾರ ಮತ್ತು ಒಂದು ಶುರುವಿನ ಬಿಂದು ಒಪ್ಪಿಕೊಂಡಿರ್ತಾರೆ, ಆ ಒಪ್ಪಂದವೇ ಡೇಟಮ್. ಆ ಕಾಲದ ಅಮೆರಿಕನ್ ಶೀಟುಗಳಲ್ಲಿ ಇರೋದು 1927ರ ಉತ್ತರ ಅಮೆರಿಕನ್ ಡೇಟಮ್, ಅದರ ಮೂಲ ಬಿಂದು ಕಾನ್ಸಾಸ್‌ನ ಮೀಡ್ಸ್ ರಾಂಚ್. ಇವತ್ತು ನಿಮ್ಮ ಫೋನು ಬಳಸೋದು ಡಬ್ಲ್ಯೂಜಿಎಸ್ 84. ಎರಡರಲ್ಲೂ ಒಂದೇ ಅಂಕಿ ಬರೆದ್ರೂ ನೆಲದ ಮೇಲೆ ಬೇರೆ ಬೇರೆ ಜಾಗ ಬರುತ್ತೆ, ಕೆಲವು ಕಡೆ ಹತ್ತಾರು ಮೀಟರ್, ಕೆಲವು ಕಡೆ 100 ಮೀಟರ್‌ವರೆಗೂ. ಯುರೋಪಿನ ಆ ಕಾಲದ ಎಷ್ಟೋ ಶೀಟುಗಳಲ್ಲಿ 1950ರ ಯುರೋಪಿಯನ್ ಡೇಟಮ್ ಇರುತ್ತೆ, ಭಾರತ ಉಪಖಂಡದವು ಎವರೆಸ್ಟ್ ಗೋಳಾಕೃತಿ ಮೇಲೆ ಲೆಕ್ಕ ಹಾಕಿರ್ತವೆ. ಯಾವುದು ಅಂತ ಅಂಚೇ ಹೇಳುತ್ತೆ, ಊಹೆ ಮಾಡ್ಬೇಡಿ.

ಎತ್ತರದ ಆಧಾರ. ಇದು ಬೇರೆ, ಮೇಲಿನ ಡೇಟಮ್ ಜೊತೆ ಬೆರೆಸ್ಬೇಡಿ. ಅಮೆರಿಕದಲ್ಲಿ ಆಗ ಬಳಕೆಯಲ್ಲಿದ್ದದ್ದು 1929ರ ಸಮುದ್ರಮಟ್ಟದ ಆಧಾರ. ಈಗಿನ 1988ರ ಆಧಾರಕ್ಕೂ ಅದಕ್ಕೂ ಪೂರ್ವ ಭಾಗದಲ್ಲಿ ವ್ಯತ್ಯಾಸ ಸಣ್ಣದು, ಪಶ್ಚಿಮದ ಬೆಟ್ಟಗಾಡಲ್ಲಿ 1 ಮೀಟರ್ ದಾಟತ್ತೆ. ಜಿಪಿಎಸ್ ಉಪಕರಣ ಕೊಡೋ ಕಚ್ಚಾ ಎತ್ತರ ಇನ್ನೂ ಬೇರೆ, ಅದು ಗಣಿತದ ಆಕಾರದಿಂದ ಅಳೆದದ್ದು, ಸಮುದ್ರಮಟ್ಟದಿಂದ ಅಲ್ಲ, ಹತ್ತಾರು ಮೀಟರ್ ತಪ್ಪಾಗಿ ಕಾಣಬಹುದು.

ಸಮೋನ್ನತಿ ರೇಖೆಗಳ ಅಂತರ. ಸಮೋನ್ನತಿ ರೇಖೆ ಅಂದ್ರೆ ಒಂದೇ ಎತ್ತರದಲ್ಲಿರೋ ಜಾಗಗಳನ್ನ ಸೇರಿಸೋ ಕಂದು ಗೆರೆ, ಕಾಂಟೂರ್ ಅಂತ ಎಲ್ಲರೂ ಹೇಳೋದು ಅದನ್ನೇ. ಎರಡು ಗೆರೆ ನಡುವೆ ಎಷ್ಟು ಅಡಿ ಏರಿಕೆ ಅಂತ ಕೆಳಗೆ ನಡುವಲ್ಲಿ ಬರೆದಿರುತ್ತೆ. ಅಡಿಯೋ ಮೀಟರೋ ಎರಡು ಸಲ ನೋಡಿ. ಪಕ್ಕದ ಎರಡು ಶೀಟಲ್ಲಿ ಅಂತರ ಬೇರೆ ಇರೋದೂ ಉಂಟು, ಒಂದರಲ್ಲಿ 20 ಅಡಿ, ಪಕ್ಕದ್ದರಲ್ಲಿ 40 ಅಡಿ, ಆಗ ಜೋಡಿಸಿ ನೋಡಿದ್ರೆ ಬೆಟ್ಟ ಇದ್ದಕ್ಕಿದ್ದಂತೆ ಚಪ್ಪಟೆ ಆದಂಗೆ ಕಾಣುತ್ತೆ, ನೆಲ ಅಲ್ಲಿ ಬದಲಾಗಿರಲ್ಲ.

ಕಾಂತೀಯ ಉತ್ತರ. ಅಂಚಲ್ಲಿರೋ ಬಾಣದ ಚಿತ್ರದಲ್ಲಿ ನಿಜ ಉತ್ತರಕ್ಕೂ ದಿಕ್ಸೂಚಿ ಉತ್ತರಕ್ಕೂ ಇರೋ ಕೋನ ಇರುತ್ತೆ, ಪಕ್ಕದಲ್ಲಿ ವರ್ಷವೂ ಇರುತ್ತೆ. ಆ ಕೋನ ಆ ವರ್ಷಕ್ಕೆ ಮಾತ್ರ. ಇವತ್ತು ಅದೇ ಕೋನ ಇಟ್ಕೊಂಡು ದಿಕ್ಸೂಚಿ ಹಿಡಿದು ಹೊರಟ್ರೆ ದಾರಿ ತಪ್ಪತ್ತೆ.

ಅಮೆರಿಕನ್ ಸೈನ್ಯದ ಮ್ಯಾಪ್ ಸರ್ವಿಸ್ ಪ್ರಪಂಚದ ಬೇರೆ ಭಾಗಗಳಿಗೆ ಮಾಡಿದ 1:250,000 ಶೀಟುಗಳು ನಿಮ್ಮ ಹತ್ತಿರ ಇದ್ರೆ ಅಂಚಲ್ಲಿ ಒಂದು ಪುಟ್ಟ ಚೌಕ ಹುಡುಕಿ, ವಿಶ್ವಾಸಾರ್ಹತೆಯ ಚಿತ್ರ ಅದು. ಶೀಟಿನ ಯಾವ ಭಾಗ ಒಳ್ಳೆ ಸರ್ವೇಯಿಂದ ಬಂತು, ಯಾವ ಭಾಗ ಇನ್ಯಾವುದೋ ಹಳೇ ನಕ್ಷೆಯಿಂದ ನಕಲು ಮಾಡಿದ್ದು ಅಂತ ಅದರಲ್ಲೇ ತೋರಿಸಿರ್ತಾರೆ. ಮಾಡಿದವರೇ ಇಷ್ಟು ಪ್ರಾಮಾಣಿಕವಾಗಿ ಹೇಳಿರೋವಾಗ ನಾವು ಓದದೇ ಇರೋದು ಅನ್ಯಾಯ.

3. ಸ್ಕೇಲಿನ ಲೆಕ್ಕ

1:24,000 ಅಂದ್ರೆ ನಕ್ಷೆ ಮೇಲಿನ 1 ಇಂಚು ನೆಲದ ಮೇಲೆ 2,000 ಅಡಿ. 1:62,500 ಅಂದ್ರೆ 1 ಇಂಚಿಗೆ ಹೆಚ್ಚು ಕಮ್ಮಿ 1 ಮೈಲಿ. 1:250,000ದಲ್ಲಿ 1 ಸೆಂಟಿಮೀಟರ್ ಅಂದ್ರೆ 2.5 ಕಿಲೋಮೀಟರ್.

ಇದಕ್ಕಿಂತ ಮುಖ್ಯವಾದದ್ದು ಗೆರೆಯ ದಪ್ಪ. ಅರ್ಧ ಮಿಲಿಮೀಟರ್ ದಪ್ಪದ ಗೆರೆ 1:24,000 ಶೀಟಲ್ಲಿ ನೆಲದ 12 ಮೀಟರ್ ಅಗಲ ಮುಚ್ಚುತ್ತೆ, 1:250,000ದಲ್ಲಿ 125 ಮೀಟರ್. ಅಂದ್ರೆ ದೊಡ್ಡ ಪ್ರದೇಶ ತೋರಿಸೋ ಶೀಟಲ್ಲಿ ನದಿ 100 ಮೀಟರ್ ಸರಿದಿದೆ ಅಂತ ಕಂಡ್ರೆ ಅದು ನಿಜವಾಗಿ ಸರಿದಿದೆ ಅಂತ ಹೇಳೋಕಾಗಲ್ಲ, ಅದು ಬರೀ ಇಂಕು ಇರಬಹುದು. ಅಮೆರಿಕದ 1947ರ ನಕ್ಷೆ ನಿಖರತೆ ಮಾನದಂಡವೂ ಇದನ್ನೇ ಅಂಕಿಯಲ್ಲಿ ಹೇಳುತ್ತೆ: 1:20,000ಕ್ಕಿಂತ ಸಣ್ಣ ಸ್ಕೇಲಿನ (ಅಂದ್ರೆ 1ರ ಮುಂದಿನ ಅಂಕಿ 20,000ಕ್ಕಿಂತ ದೊಡ್ಡದಿರೋ) ಶೀಟಲ್ಲಿ ಪರೀಕ್ಷಿಸಿದ ಸ್ಪಷ್ಟ ಬಿಂದುಗಳಲ್ಲಿ ಶೇಕಡಾ 90ರಷ್ಟು, ನಕ್ಷೆ ಮೇಲೆ ಇಂಚಿನ 50ನೇ ಒಂದು ಭಾಗದೊಳಗೆ ಸರಿ ಇರ್ಬೇಕು. 1:24,000ಕ್ಕೆ ಅದು 40 ಅಡಿ. ಎತ್ತರದಲ್ಲಿ ಶೇಕಡಾ 90ರಷ್ಟು ಬಿಂದುಗಳು ಕಾಂಟೂರ್ ಅಂತರದ ಅರ್ಧದೊಳಗೆ. ಉಳಿದ ಶೇಕಡಾ 10 ಬಿಂದು ಇನ್ನೂ ಹೆಚ್ಚು ತಪ್ಪಿರಬಹುದು, ಮಾನದಂಡ ಅದಕ್ಕೆ ಅವಕಾಶ ಕೊಟ್ಟಿದೆ.

4. ಬಣ್ಣ

ಕಂದು ಅಂದ್ರೆ ನೆಲದ ಏರಿಳಿತ, ನೀಲಿ ನೀರು, ಕಪ್ಪು ಮನುಷ್ಯ ಕಟ್ಟಿದ್ದು ಮತ್ತು ಹೆಸರುಗಳು, ಹಸಿರು ಕಾಡು, ಕೆಂಪು ದೊಡ್ಡ ರಸ್ತೆ. ಚುಕ್ಕಿ-ಗೀಟು ಚುಕ್ಕಿ-ಗೀಟು ನೀಲಿ ಗೆರೆ ಇದ್ರೆ ವರ್ಷಪೂರ್ತಿ ಹರಿಯದ ಹಳ್ಳ. ಹಸಿರು ಇಲ್ಲದ ಬಿಳಿ ಜಾಗ ಬಂಜರು ಅಂತ ಅಲ್ಲ, ಕಣಿವೆ ತಳದಲ್ಲಿ ಅದು ಹೆಚ್ಚಾಗಿ ಹೊಲ. ಬಾಕಿ ಗುರುತುಗಳಿಗೆ ಆ ಸರಣಿಯ ಗುರುತುಪಟ್ಟಿ ಪಕ್ಕದಲ್ಲಿ ತೆಗೆದಿಟ್ಕೊಳ್ಳಿ, ಬಾಯಿಪಾಠ ಮಾಡೋ ಅಗತ್ಯ ಇಲ್ಲ.

5. ನದಿಯನ್ನ ಮೇಲಿನಿಂದ ಕೆಳಕ್ಕೆ ಓದಿ

ಮೊದಲು ನೀರು ಯಾವ ಕಡೆ ಹರಿಯುತ್ತೆ ಅಂತ ಗಟ್ಟಿ ಮಾಡ್ಕೊಳ್ಳಿ. ಕಾಂಟೂರ್ ಗೆರೆ ನದಿ ಅಥವಾ ಹಳ್ಳ ದಾಟೋ ಜಾಗದಲ್ಲಿ ಚೂಪಾಗಿ ಬಾಗುತ್ತೆ, ಆ ಚೂಪು ಯಾವಾಗಲೂ ಹರಿವಿನ ಮೂಲದ ಕಡೆ, ಅಂದ್ರೆ ಮೇಲ್ಗಡೆ ತೋರಿಸುತ್ತೆ. ಬೆಟ್ಟದ ಏಣಿನ ಮೇಲೆ ಬಾಗಿದ ಗೆರೆ ಇದಕ್ಕೆ ಉಲ್ಟಾ, ಚೂಪು ಇಳಿಜಾರಿನ ಕಡೆ. ಹೊಸಬರು ಇವೆರಡನ್ನ ಅದಲುಬದಲು ಮಾಡಿ ಕಣಿವೆಯನ್ನ ಬೆಟ್ಟ ಅಂತ ಓದ್ತಾರೆ, ಅನುಮಾನ ಬಂದ್ರೆ ದಪ್ಪ ಗೆರೆಗಳ ಮೇಲಿರೋ ಅಂಕಿ ನೋಡಿ. 20 ಅಡಿ ಅಂತರದ ಶೀಟಲ್ಲಿ ಪ್ರತಿ ಐದನೇ ಗೆರೆ ದಪ್ಪ, ಅಂದ್ರೆ 100 ಅಡಿಗೊಂದು.

ಎಡದಂಡೆ ಬಲದಂಡೆ ಅನ್ನೋದು ನೀವು ಹರಿವಿನ ದಿಕ್ಕಿಗೆ ಮುಖ ಮಾಡಿ ನಿಂತಾಗಿನದು, ನಕ್ಷೆಯ ಎಡ ಬಲ ಅಲ್ಲ. ಟಿಪ್ಪಣಿ ಬರೆಯೋವಾಗ ಇದನ್ನ ಪಾಲಿಸಿ, ಇಲ್ಲಾಂದ್ರೆ ಉತ್ತರಕ್ಕೆ ಹರಿದು ಆಮೇಲೆ ದಕ್ಷಿಣಕ್ಕೆ ತಿರುಗೋ ನದಿಯಲ್ಲಿ ನಿಮ್ಮ ಟಿಪ್ಪಣಿ ನಿಮಗೇ ಅರ್ಥ ಆಗಲ್ಲ.

ಈಗ ದಾರ. ನದಿಯ ಇಳಿಜಾರು ಲೆಕ್ಕ ಹಾಕೋದು ಬಹಳ ಸುಲಭ, ಆದ್ರೂ ಯಾಕೋ ಜನ ಮಾಡಲ್ಲ. 920 ಅಡಿ ಗೆರೆ ನದಿ ದಾಟೋ ಬಿಂದು ಗುರುತು ಮಾಡಿ, ಕೆಳಗಡೆ 900 ಅಡಿ ಗೆರೆ ದಾಟೋ ಬಿಂದು ಗುರುತು ಮಾಡಿ, ನಡುವಿನ ನದಿಯ ತಿರುವುಗಳ ಮೇಲೇ ದಾರ ಇಟ್ಟು ಉದ್ದ ಅಳೀರಿ. 4 ಮೈಲಿ ಬಂತು ಅಂದ್ಕೊಳ್ಳಿ, 20 ಅಡಿ ಇಳಿಕೆ, ಮೈಲಿಗೆ 5 ಅಡಿ. ಹೀಗೇ ಗೆರೆಯಿಂದ ಗೆರೆಗೆ ಕೆಳಕ್ಕೆ ಹೋಗ್ತಾ ಬರ್ಕೊಳ್ಳಿ. ಒಂದು ಕಡೆ ಇದ್ದಕ್ಕಿದ್ದಂತೆ ಗೆರೆಗಳು ಹತ್ತಿರ ಬಂದ್ರೆ ಅಲ್ಲಿ ಬಂಡೆ, ರಭಸದ ಹರಿವು ಇತ್ತು ಅಂತ, ಅಣೆಕಟ್ಟು ಹಾಕೋ ಇಂಜಿನಿಯರ್ ಕಣ್ಣು ಬೀಳೋದೂ ಅಂಥ ಜಾಗದ ಮೇಲೇ, ವಿಶೇಷವಾಗಿ ಎರಡೂ ಕಡೆ ಬೆಟ್ಟ ಒತ್ತಿಕೊಂಡು ಬಂದು ಹಿಂದೆ ಅಗಲವಾದ ಬಯಲಿದ್ರೆ. ನೇರ ಗೀಟಲ್ಲಿ ಅಳೆದ್ರೆ ಇಳಿಜಾರು ನಿಜಕ್ಕಿಂತ ಜಾಸ್ತಿ ಬರುತ್ತೆ, ದಾರ ಬೇಕಾಗೋದು ಅದಕ್ಕೇ. ಕ್ಯೂಜಿಐಎಸ್‌ನಲ್ಲಾದ್ರೆ ಅಳತೆಯ ಉಪಕರಣದಿಂದ ತಿರುವು ತಿರುವಲ್ಲೂ ಕ್ಲಿಕ್ ಮಾಡ್ತಾ ಹೋಗಿ.

ಗೆರೆಯ ಒಳಮುಖಕ್ಕೆ ಸಣ್ಣ ಸಣ್ಣ ಗೀಟು ಇರೋ ಮುಚ್ಚಿದ ವೃತ್ತ ಸಿಕ್ಕರೆ ಅದು ದಿಣ್ಣೆ ಅಲ್ಲ, ತಗ್ಗು. ಪೂರ್ವ ಟೆನೆಸಿಯ ಸುಣ್ಣಕಲ್ಲು ಪ್ರದೇಶದಲ್ಲಿ ನೆಲ ಕುಸಿದು ಆದ ಗುಂಡಿಗಳು ಹೀಗೇ ಕಾಣೋದು, ಹಳ್ಳ ಒಂದು ಅಲ್ಲಿವರೆಗೆ ಬಂದು ಮಾಯ ಆಗಿರುತ್ತೆ. ಅಚ್ಚಿನ ತಪ್ಪು ಅಲ್ಲ ಅದು, ನೀರು ನಿಜವಾಗಿ ನೆಲದೊಳಗೆ ಹೋಗುತ್ತೆ.

6. ಕಟ್ಟಿದ್ದನ್ನ ಓದಿ

ನದಿ ಪಕ್ಕ ರೈಲು, ರೈಲು ಪಕ್ಕ ರಸ್ತೆ, ಮೇಲೆ ವಿದ್ಯುತ್ ಲೈನು. ಕಣಿವೆ ಇಕ್ಕಟ್ಟಾಗಿರೋ ಕಡೆ ಇವೆಲ್ಲ ನಿಜವಾದ ಅಳತೆಗೆ ಬರೆದ್ರೆ ಒಂದರ ಮೇಲೊಂದು ಕೂತುಬಿಡ್ತವೆ, ಹಾಗಾಗಿ ನಕ್ಷೆ ಬರೆಯೋರು ನದಿಯನ್ನ ಅದರ ಜಾಗದಲ್ಲೇ ಬಿಟ್ಟು ರೈಲು, ರಸ್ತೆಯನ್ನ ಸ್ವಲ್ಪ ಪಕ್ಕಕ್ಕೆ ಸರಿಸಿ ಬರೀತಾರೆ. ಇದು ತಪ್ಪಲ್ಲ, ಒಪ್ಪಿತ ಪದ್ಧತಿ. "ರಸ್ತೆ ಸ್ಯಾಟಲೈಟ್ ಜೊತೆ ಹೊಂದ್ತಿಲ್ಲ" ಅನ್ನೋ ದೂರುಗಳಲ್ಲಿ ಬಹಳಷ್ಟು ಇಂಥ ಇಕ್ಕಟ್ಟಿನ ಜಾಗದ್ದೇ.

ಅಣೆಕಟ್ಟಿನ ಹತ್ತಿರ ಭೂತಗನ್ನಡಿ ಹಿಡಿದು ನಿಧಾನ ನೋಡಿ. ನದಿಗೆ ಅಡ್ಡ ದಪ್ಪ ಕಪ್ಪು ಗೆರೆ ಅಣೆಕಟ್ಟು, ಕೆಳಗಡೆ ದಡದಲ್ಲಿ ಒಂದು ಕಪ್ಪು ಚೌಕ ಇದ್ರೆ ಅದು ಹೆಚ್ಚಾಗಿ ವಿದ್ಯುತ್ ಮನೆ, ಅಲ್ಲಿಂದ ಹೊರಡೋ ವಿದ್ಯುತ್ ಲೈನು ನೆಟ್ಟಗೆ ಬೆಟ್ಟ ಹತ್ತಿ ಇಳಿದು ಶೀಟು ದಾಟಿ ಹೋಗುತ್ತೆ. ಆ ಲೈನನ್ನ ಪಕ್ಕದ ಶೀಟುಗಳಲ್ಲಿ ಹಿಂಬಾಲಿಸಿ ನೋಡಿ, ಕರೆಂಟು ಯಾವ ಕಾರ್ಖಾನೆಗೆ ಯಾವ ಊರಿಗೆ ಹೋಗ್ತಿತ್ತು ಅಂತ ಗೊತ್ತಾಗತ್ತೆ, ಕಣಿವೆಯನ್ನ ಯಾರಿಗೋಸ್ಕರ ಬದಲಾಯಿಸಿದ್ರು ಅನ್ನೋದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನಕ್ಷೆಯಲ್ಲಿ ಸಿಗಲ್ಲ. ಅಣೆಕಟ್ಟಿನ ಒಂದು ತುದಿಯಲ್ಲಿ ಉದ್ದುದ್ದ ಕಿರಿದಾದ ಆಯತ ಇದ್ರೆ ಅದು ಹಡಗು ದಾಟಿಸೋ ಲಾಕ್.

ಟೆನೆಸಿ ಮುಖ್ಯ ನದಿಯ ಮೇಲೆ ಒಂಬತ್ತು ಅಣೆಕಟ್ಟುಗಳಿವೆ, ನಾಕ್ಸ್‌ವಿಲ್‌ನಿಂದ ಓಹಾಯೋ ನದಿ ಸೇರೋ ಪಡೂಕವರೆಗೆ ಸುಮಾರು 650 ಮೈಲಿ ಉದ್ದ ಹಡಗು ಓಡಾಡೋ ಹಾಗೆ 9 ಅಡಿ ಆಳದ ದಾರಿ ಇಟ್ಟಿದಾರೆ. ಶೀಟುಗಳನ್ನ ಸಾಲಾಗಿ ಜೋಡಿಸಿದ್ರೆ ಒಂದು ಅಣೆಕಟ್ಟಿನ ಹಿನ್ನೀರು ಮೇಲಿನ ಅಣೆಕಟ್ಟಿನ ಬುಡದವರೆಗೂ ಬಂದು ನಿಂತಿರೋದು ಮೆಟ್ಟಿಲಿನ ಹಾಗೆ ಕಾಣುತ್ತೆ. ಇಂಥ ನದಿಯಲ್ಲಿ ಹಿಂದಿನ ಹಂತದ ದಾರದ ಲೆಕ್ಕ ನಡೆಯಲ್ಲ, ಕೊಳದ ಉದ್ದಕ್ಕೂ ಒಂದೂ ಕಾಂಟೂರ್ ನದಿ ದಾಟಲ್ಲ, ಇಳಿಕೆ ಎಲ್ಲಾ ಅಣೆಕಟ್ಟಿನ ಹತ್ತಿರ ಒಂದೇ ಕಡೆ ಸೇರಿಬಿಟ್ಟಿರುತ್ತೆ.

ಮನೆ ಎಣಿಸೋವಾಗ ಹುಷಾರು. ಹಳ್ಳಿ ಭಾಗದಲ್ಲಿ ಒಂದೊಂದು ಮನೆಗೂ ಒಂದು ಕಪ್ಪು ಚುಕ್ಕಿ ಇರುತ್ತೆ, ಆದ್ರೆ ಒತ್ತೊತ್ತಾಗಿ ಕಟ್ಟಿದ ಪಟ್ಟಣದಲ್ಲಿ ಇಡೀ ಜಾಗಕ್ಕೇ ಒಂದು ತೆಳು ಬಣ್ಣ ಬಳಿದು ದೊಡ್ಡ ಕಟ್ಟಡಗಳನ್ನ ಮಾತ್ರ ಬಿಡ್ತಾರೆ. ಅಲ್ಲಿ ಚುಕ್ಕಿ ಇಲ್ಲ ಅಂದ್ರೆ ಮನೆ ಇರಲಿಲ್ಲ ಅಂತ ಅಲ್ಲ.

7. ಮುಳುಗಿದ್ದೇನು ಅಂತ ಹುಡುಕೋದು

ಹೆಚ್ಚಿನವರು ಹಳೇ ನಕ್ಷೆ ತೆಗೆಯೋದೇ ಇದಕ್ಕೆ. 1936ರಲ್ಲಿ ಮುಗಿದ ನಾರಿಸ್ ಅಣೆಕಟ್ಟು ಲಾಯ್ಸ್‌ಟನ್ ಅನ್ನೋ ಊರನ್ನ ಮುಳುಗಿಸ್ತು, 1948ರ ವಟಾಗ ಅಣೆಕಟ್ಟಿನಿಂದಾಗಿ ಬಟ್ಲರ್ ಅನ್ನೋ ಪಟ್ಟಣವನ್ನೇ ಬೇರೆ ಜಾಗಕ್ಕೆ ಸ್ಥಳಾಂತರ ಮಾಡಿದ್ರು.

ಮೊದಲು ಜಲಾಶಯದ ತುಂಬಿದ ಮಟ್ಟ ಎಷ್ಟು ಅಂತ ನೋಡ್ಕೊಳ್ಳಿ, ಅಣೆಕಟ್ಟು ಆದ ಮೇಲಿನ ಶೀಟಲ್ಲಿ ನೀಲಿ ಅಕ್ಷರದಲ್ಲಿ ಹೆಚ್ಚಾಗಿ ಬರೆದಿರುತ್ತೆ. ನಾರಿಸ್‌ಗೆ ಬೇಸಿಗೆಯ ಮಟ್ಟ 1,020 ಅಡಿ. ಆಮೇಲೆ ಅಣೆಕಟ್ಟು ಕಟ್ಟೋ ಮುಂಚಿನ ಶೀಟಲ್ಲಿ ಅದೇ ಎತ್ತರದ ಗೆರೆಯನ್ನ ಬಣ್ಣದ ಪೆನ್ಸಿಲಿನಿಂದ, ಅಥವಾ ಕ್ಯೂಜಿಐಎಸ್‌ನಲ್ಲಿ ಹೊಸ ಪದರ ಮಾಡಿ, ಅಣೆಕಟ್ಟಿನ ಜಾಗದಿಂದ ಶುರು ಮಾಡಿ ಪ್ರತಿ ಉಪನದಿಯೊಳಗೂ ಹೋಗಿ ಹೊರಗೆ ಬರ್ತಾ ಎಳೀರಿ. 20 ಅಡಿ ಅಂತರದ ಶೀಟಾಗಿದ್ರೆ 1,000ದ ದಪ್ಪ ಗೆರೆ ಆದ ಮೇಲಿನ ಮೊದಲ ಗೆರೆಯೇ 1,020, ಸುಲಭ. ಅಂತರ 50 ಅಡಿ, 100 ಅಡಿ ಇದ್ರೆ ಎರಡು ಗೆರೆ ನಡುವೆ ಅಂದಾಜು ಮಾಡ್ಬೇಕು, ಆಗ ಗೆರೆ ಒಂದನ್ನೇ ಎಳೆಯದೆ ಒಂದು ಪಟ್ಟೆ ಎಳೀರಿ, ಇದರೊಳಗೆ ಎಲ್ಲೋ ದಡ ಇದೆ ಅಂತ. ನೀವು ಎಳೆದ ಗೆರೆಯೊಳಗೆ ಬಂದ ಪ್ರತಿ ಚುಕ್ಕಿ, ಶಾಲೆ, ಸ್ಮಶಾನ, ಗಿರಣಿ, ಸೇತುವೆಯ ಹೆಸರನ್ನ ಪಟ್ಟಿ ಮಾಡಿ. ಹೆಸರು ಬರೆದಾಗಲೇ ಅದು ಜನ ಬದುಕಿದ ಜಾಗ ಅಂತ ಮನಸ್ಸಿಗೆ ತಟ್ಟೋದು, ಬರೀ ನೀಲಿ ಬಣ್ಣ ತುಂಬಿ ಮುಗಿಸ್ಬೇಡಿ.

ನೆನಪಿರಲಿ, ಗೆರೆಯ ಹೊರಗಿದ್ದವರೆಲ್ಲ ಉಳ್ಕೊಂಡ್ರು ಅಂತ ಅಲ್ಲ. ಜಲಾಶಯಕ್ಕೆ ಅಂತ ಕೊಂಡ ಜಮೀನು ನೀರಿನ ಗಡಿಗಿಂತ ಮೇಲಕ್ಕೂ ಇರುತ್ತೆ. ಇನ್ನೂ ಕೆಲವು ಕಡೆ ಮನೆ ಒಣಗಿದ ಜಾಗದಲ್ಲೇ ಇದ್ರೂ ರಸ್ತೆ ಮುಳುಗಿದ್ದರಿಂದ ಊರು ಖಾಲಿ ಆಯ್ತು. 480 ಅಡಿ ಎತ್ತರದ ಫಾಂಟಾನಾ ಅಣೆಕಟ್ಟು 1944ರಲ್ಲಿ ಮುಗಿದಾಗ ಲಿಟಲ್ ಟೆನೆಸಿ ನದಿಯ ಉತ್ತರ ದಡದ ಹೆದ್ದಾರಿ 288 ನೀರಡಿ ಹೋಯ್ತು, ಅದರ ಬದಲಿಗೆ ಮಾಡಿಕೊಡ್ತೀವಿ ಅಂದ ರಸ್ತೆ ಪೂರ್ತಿ ಆಗಲೇ ಇಲ್ಲ, ಕೊನೆಗೆ 2010ರಲ್ಲಿ 5.2 ಕೋಟಿ ಡಾಲರ್ ಪರಿಹಾರದ ಒಪ್ಪಂದಕ್ಕೆ ಬಂತು. ನಕ್ಷೆಯಲ್ಲಿ ನೋಡಬೇಕಾದ್ದು ರಸ್ತೆಯ ತುದಿಗಳು: ದಡಕ್ಕೆ ಬಂದು ನಿಂತುಬಿಟ್ಟ ರಸ್ತೆ, ಆಚೆ ದಡದಲ್ಲಿ ಅದೇ ನೇರಕ್ಕೆ ಮತ್ತೆ ಶುರುವಾಗೋ ರಸ್ತೆ. ಇವೆರಡನ್ನ ಸೇರಿಸಿ ಗೀಟು ಎಳೆದ್ರೆ ಮುಳುಗಿದ ದಾರಿ ಎಲ್ಲಿತ್ತು ಅಂತ ಗೊತ್ತಾಗತ್ತೆ.

ಕೆಲವು ಶೀಟಲ್ಲಿ ಜಲಾಶಯದ ನೀಲಿಯೊಳಗೇ ನೀಲಿ ಕಾಂಟೂರ್ ಗೆರೆಗಳು ಇರ್ತವೆ, ನೀರಡಿಯ ನೆಲದ್ದು. ಹಳೇ ಶೀಟು ಸಿಗದೇ ಇದ್ದಾಗ ಅವೇ ದಿಕ್ಕು. ಮತ್ತೆ ಒಂದು ವಿಷಯ, ಟಿವಿಎ ಜಲಾಶಯಗಳನ್ನ ಚಳಿಗಾಲದಲ್ಲಿ ಪ್ರವಾಹದ ನೀರಿಗೆ ಜಾಗ ಇರಲಿ ಅಂತ ಇಳಿಸ್ತಾರೆ, ಹಾಗಾಗಿ ಸ್ಯಾಟಲೈಟ್ ಚಿತ್ರ ಜನವರಿದೋ ಜುಲೈದೋ ಅಂತ ನೋಡದೆ ದಡ ಹೋಲಿಸ್ಬೇಡಿ.

8. ಸ್ಕ್ಯಾನನ್ನ ಜಾಗಕ್ಕೆ ಕೂರಿಸೋದು

ಜಿಯೋಟಿಫ್ ಇದ್ದವರು ಈ ಹಂತದ ಕೊನೇ ಪ್ಯಾರಾಕ್ಕೆ ಹೋಗಿ. ಪೇಪರ್ ಶೀಟು ಅಥವಾ ಬರೀ ಚಿತ್ರ ಇದ್ದವರು ಜಿಯೋರೆಫರೆನ್ಸಿಂಗ್ ಮಾಡ್ಬೇಕು, ಅಂದ್ರೆ ಚಿತ್ರದ ಒಂದೊಂದು ಬಿಂದುವಿಗೆ ಭೂಮಿ ಮೇಲಿನ ವಿಳಾಸ ಹೇಳಿಕೊಡೋದು.

ಸ್ಕ್ಯಾನ್ 300 ಡಿಪಿಐಗಿಂತ (ಒಂದು ಇಂಚಿಗೆ 300 ಚುಕ್ಕಿ) ಕಮ್ಮಿ ಬೇಡ. 1:24,000 ಶೀಟನ್ನ 300ರಲ್ಲಿ ಸ್ಕ್ಯಾನ್ ಮಾಡಿದ್ರೆ ಒಂದು ಪಿಕ್ಸೆಲ್ ಅಂದ್ರೆ ನೆಲದ 2 ಮೀಟರ್. ಫೋನಲ್ಲಿ ಓರೆಯಾಗಿ ತೆಗೆದ ಫೋಟೋ ಬೇಡವೇ ಬೇಡ, ಕಾಗದ ಮಡಿಸಿದ ಗೆರೆ ಮತ್ತು ತೇವಕ್ಕೆ ಹಿಗ್ಗಿದ್ದು ಇದ್ದೇ ಇರುತ್ತೆ, ಅದರ ಮೇಲೆ ಲೆನ್ಸಿನ ಬಾಗು ಬೇರೆ ಸೇರಿಸ್ಬೇಡಿ.

ಕ್ಯೂಜಿಐಎಸ್ 3.26ರಿಂದ ಈಚೆಗೆ ಜಿಯೋರೆಫರೆನ್ಸರ್ ಇರೋದು ಲೇಯರ್ ಮೆನುವಲ್ಲಿ, ಅದಕ್ಕಿಂತ ಹಳೇದರಲ್ಲಿ ರಾಸ್ಟರ್ ಮೆನುವಲ್ಲಿ. ಸ್ಕ್ಯಾನ್ ತೆರೆದು ಬಿಂದು ಹಾಕ್ತಾ ಹೋಗಿ. ಬಿಂದುವಿಗೆ ರಸ್ತೆ ಕೂಡು, ಸೇತುವೆ ಅಂತ ಹುಡುಕ್ತಾ ಹೋಗ್ಬೇಡಿ, ಶೀಟಲ್ಲೇ ಅಚ್ಚಾಗಿರೋ ಅಕ್ಷಾಂಶ ರೇಖಾಂಶದ ಗುರುತುಗಳನ್ನೇ ಬಳಸಿ. 7.5 ನಿಮಿಷದ ಶೀಟಲ್ಲಿ, ಅಂದ್ರೆ ಅಕ್ಷಾಂಶ ರೇಖಾಂಶ ಎರಡರಲ್ಲೂ 7.5 ನಿಮಿಷದಷ್ಟು ಜಾಗ ತೋರಿಸೋ ಶೀಟಲ್ಲಿ (ಒಂದು ಡಿಗ್ರಿಗೆ 60 ನಿಮಿಷ), ಪ್ರತಿ 2.5 ನಿಮಿಷಕ್ಕೆ ಗುರುತು ಇರುತ್ತೆ: ಮೂಲೆಗಳಲ್ಲಿ ನಾಲ್ಕು, ಅಂಚುಗಳಲ್ಲಿ ಎಂಟು, ಒಳಗೆ ಸಣ್ಣ ಕೂಡುಗುರುತಾಗಿ ನಾಲ್ಕು, ಒಟ್ಟು ಹದಿನಾರು. ಒಳಗಿನ ನಾಲ್ಕು ಕಣ್ಣಿಗೆ ಬೇಗ ಬೀಳಲ್ಲ, ಕಾಡಿನ ಹಸಿರಲ್ಲೋ ಕಾಂಟೂರ್ ಗೋಜಲಲ್ಲೋ ಅಡಗಿರ್ತವೆ, ಆದ್ರೂ ಹುಡುಕಿ, ಕಾಗದದ ನಡುಭಾಗ ಹಿಗ್ಗಿದ್ದು ಅವುಗಳಿಂದಲೇ ಗೊತ್ತಾಗೋದು.

ಅಂಕಿ ಹಾಕೋವಾಗ ನಿಮಿಷ ಸೆಕೆಂಡನ್ನ ದಶಮಾಂಶಕ್ಕೆ ಬದಲಾಯಿಸಿ. 36 ಡಿಗ್ರಿ 7 ನಿಮಿಷ 30 ಸೆಕೆಂಡ್ ಅಂದ್ರೆ 36.125, ಇದನ್ನ 36.0730 ಅಂತ ಹಾಕೋದು ಅತಿ ಸಾಮಾನ್ಯ ತಪ್ಪು. ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕಿ, 84 ಡಿಗ್ರಿ ಪಶ್ಚಿಮ ಅಂದ್ರೆ ಮೈನಸ್ 84. ಮೈನಸ್ ಮರೆತ್ರೆ ನಿಮ್ಮ ಟೆನೆಸಿ ಹೋಗಿ ಏಷ್ಯಾದಲ್ಲಿ ಕೂರುತ್ತೆ.

ಈಗ ಡೇಟಮ್. ನೀವು ಹಾಕಿದ ಅಂಕಿಗಳು 1927ರ ಡೇಟಮ್‌ನವು, ಹಾಗಾಗಿ ಗುರಿ ವ್ಯವಸ್ಥೆಗೆ ಇಪಿಎಸ್‌ಜಿ 4267 ಆರಿಸಿ. ಇಪಿಎಸ್‌ಜಿ ಅಂದ್ರೆ ಪ್ರತಿ ಅಳತೆ ವ್ಯವಸ್ಥೆಗೂ ಕೊಟ್ಟಿರೋ ಸಂಖ್ಯೆ. ಎಲ್ಲರೂ ಅಭ್ಯಾಸಬಲದಿಂದ 4326 ಅಂತ ಹಾಕಿಬಿಡ್ತಾರೆ, ಅದು ಇವತ್ತಿನ ಡಬ್ಲ್ಯೂಜಿಎಸ್ 84, ಆಗ ಇಡೀ ಶೀಟು ಒಂದೇ ದಿಕ್ಕಿಗೆ ಅಷ್ಟೂ ದೂರ ಸರಿದು ಕೂರುತ್ತೆ. ಶುರುವಲ್ಲಿ ಹೇಳಿದ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಇಷ್ಟೇ. ಯುರೋಪಿನ 1950ರ ಡೇಟಮ್‌ಗೆ 4230.

ರೂಪಾಂತರದ ಬಗೆಯಲ್ಲಿ ಮೊದಲು ಪಾಲಿನೋಮಿಯಲ್ 1 (ಇಡೀ ಚಿತ್ರವನ್ನ ಒಂದೇ ಸಮನಾಗಿ ಸರಿಸಿ, ತಿರುಗಿಸಿ, ಹಿಗ್ಗಿಸಿ ಕೂರಿಸೋ ಬಗೆ) ಹಾಕಿ ನೋಡಿ, ಅದಕ್ಕೆ ಕನಿಷ್ಠ ಮೂರು ಬಿಂದು ಸಾಕು ಆದ್ರೆ ನೀವು ಹದಿನಾರೂ ಕೊಡಿ, ಆಗ ಪ್ರತಿ ಬಿಂದುವಿನ ಮುಂದೆ ಎಷ್ಟು ಪಿಕ್ಸೆಲ್ ತಪ್ಪಿದೆ ಅಂತ ಬರುತ್ತೆ. ಒಂದೇ ಬಿಂದು ಮಾತ್ರ ಜೋರಾಗಿ ತಪ್ಪಿದ್ರೆ ಅದರ ಅಂಕಿ ನೀವು ತಪ್ಪು ಟೈಪ್ ಮಾಡಿರ್ತೀರ. ಎಲ್ಲವೂ ಸ್ವಲ್ಪ ಸ್ವಲ್ಪ ತಪ್ಪಿದ್ರೆ ಕಾಗದ ಹಿಗ್ಗಿದೆ. ಇಲ್ಲಿ ತಿನ್ ಪ್ಲೇಟ್ ಸ್ಪ್ಲೈನ್ ಅನ್ನೋ ಆಯ್ಕೆ ಬಗ್ಗೆ ಎಚ್ಚರ, ಅದು ಚಿತ್ರವನ್ನ ರಬ್ಬರಿನ ಥರ ಎಳೆದು ಎಲ್ಲಾ ಬಿಂದುಗಳ ಮೇಲೂ ಕೂರಿಸಿಬಿಡುತ್ತೆ, ತಪ್ಪು ಸೊನ್ನೆ ಅಂತ ತೋರಿಸುತ್ತೆ, ತಪ್ಪು ಟೈಪ್ ಮಾಡಿದ ಬಿಂದುವಿಗೂ ಸೊನ್ನೆಯೇ. ಮೊದಲು ಪಾಲಿನೋಮಿಯಲ್‌ನಲ್ಲಿ ಬಿಂದುಗಳನ್ನೆಲ್ಲ ಶುದ್ಧ ಮಾಡಿ, ಕಾಗದ ನಿಜಕ್ಕೂ ಸೊಟ್ಟಗಾಗಿದ್ರೆ ಮಾತ್ರ ಆಮೇಲೆ ಇದಕ್ಕೆ ಹೋಗಿ.

ಜಿಯೋಟಿಫ್ ಇರಲಿ ನೀವೇ ಮಾಡಿದ್ದಿರಲಿ, ಕೂರಿಸಿದ ಮೇಲೆ ಪರೀಕ್ಷೆ ಮಾಡಿ. ಅಂದಿನಿಂದ ಇಂದಿಗೆ ಬದಲಾಗದ ಮೂರು ನಾಲ್ಕು ಜಾಗ ಆರಿಸಿ: ಬೆಟ್ಟದ ತುದಿ, ಹಳೇ ರೈಲು ಸೇತುವೆಯ ಕಂಬ, ಚರ್ಚು. ನದಿ ದಡ, ಮರಳು ದಿಬ್ಬ, ಕಾಡಿನ ಅಂಚು ಪರೀಕ್ಷೆಗೆ ಬೇಡ. ಎಲ್ಲಾ ಕಡೆ ಒಂದೇ ದಿಕ್ಕಿಗೆ ಒಂದೇ ದೂರ ತಪ್ಪಿದ್ರೆ ಡೇಟಮ್ ತಪ್ಪು, ಒಂದೊಂದು ಕಡೆ ಒಂದೊಂದು ಥರ ತಪ್ಪಿದ್ರೆ ಬಿಂದು ಅಥವಾ ಕಾಗದದ ಸಮಸ್ಯೆ, ರಸ್ತೆ ಮಾತ್ರ ತಪ್ಪಿ ಬೆಟ್ಟ ಸರಿ ಇದ್ರೆ ಆರನೇ ಹಂತದಲ್ಲಿ ಹೇಳಿದ ಇಕ್ಕಟ್ಟಿನ ಕಥೆ.

9. ಬದಲಾಗಿದೆ ಅಂತ ಹೇಳೋ ಮುಂಚೆ

ನದಿ ಸರಿದಿದೆ, ಕಾಡು ಕಮ್ಮಿ ಆಗಿದೆ, ಊರು ಬೆಳೆದಿದೆ ಅಂತ ಬರೆಯೋ ಮುಂಚೆ ಆ ವ್ಯತ್ಯಾಸ ಎಷ್ಟು ಮೀಟರ್ ಅಂತ ಅಳೆದು ಅದರ ಪಕ್ಕ ನಿಮ್ಮ ಶೀಟಿನ ಸಹಜ ತಪ್ಪು ಎಷ್ಟು ಅಂತ ಬರೆಯಿರಿ. 1:24,000ದಲ್ಲಿ 12 ಮೀಟರ್ ನಕ್ಷೆಯದ್ದೇ, ಅದಕ್ಕೆ ನೀವು ಕೂರಿಸಿದಾಗ ಉಳಿದ ತಪ್ಪು ಸೇರಿಸಿ. ವ್ಯತ್ಯಾಸ ಇದರ ಎರಡು ಮೂರು ಪಟ್ಟು ಇದ್ರೆ ಧೈರ್ಯವಾಗಿ ಹೇಳಿ. ಕಾಡಿನ ವಿಷಯದಲ್ಲಿ ಇನ್ನೂ ಹುಷಾರಾಗಿರಿ, ಹಸಿರು ಬಳಿಯೋ ನಿಯಮ ಬೇರೆ ಬೇರೆ ಆವೃತ್ತಿಯಲ್ಲಿ ಬೇರೆ ಇರಬಹುದು, ಕೆಲವು ಮುದ್ರಣಗಳಲ್ಲಿ ಹಸಿರೇ ಹಾಕಿರಲ್ಲ.

ಹೆಸರುಗಳನ್ನ ಶೀಟಲ್ಲಿ ಇದ್ದಂತೆಯೇ ಬರ್ಕೊಳ್ಳಿ, ಈಗಿನ ಕಾಗುಣಿತಕ್ಕೆ ತಿದ್ದಬೇಡಿ, ತಿದ್ದಿದ್ದು ಪಕ್ಕದ ಕಾಲಮ್‌ನಲ್ಲಿ ಇರಲಿ. ಕೊನೆಗೆ ಫೈಲಿನ ಹೆಸರಲ್ಲಿ ಶೀಟಿನ ಹೆಸರು, ಸ್ಕೇಲು, ಫೋಟೋ ವರ್ಷ, ಮುದ್ರಣ ವರ್ಷ ನಾಲ್ಕೂ ಹಾಕಿ ಸೇವ್ ಮಾಡಿ, ಬಿಂದುಗಳ ಫೈಲನ್ನೂ ಅದೇ ಫೋಲ್ಡರ್‌ನಲ್ಲಿ ಇಡಿ. ಅಂಚನ್ನ ಕತ್ತರಿಸಿ ಬರೀ ನಕ್ಷೆ ಭಾಗ ಜೋಡಿಸೋದಾದ್ರೆ ಕತ್ತರಿಸದ ಮೂಲ ಸ್ಕ್ಯಾನ್ ಒಂದನ್ನ ಬೇರೆ ಇಟ್ಕೊಂಡಿರಿ.